ಕ್ಲಿಕ್ ಬರುತ್ತಿದೆ, ಆರ್ಡರ್ ಬರುತ್ತಿಲ್ಲ

ಪ್ರಶ್ನೆ: ನಾನು ಕಚೇರಿ ಕುರ್ಚಿಗಳನ್ನು ಜಾಲತಾಣದ ಮೂಲಕ ಮಾರುತ್ತೇನೆ. ಮೂರು ತಿಂಗಳಿಂದ ಗೂಗಲ್ ಆ್ಯಡ್ಸ್‌ನಲ್ಲಿ ಸರ್ಚ್ ಜಾಹೀರಾತು ಕೊಡುತ್ತಿದ್ದೇನೆ. ಕ್ಲಿಕ್‌ಗಳಿಗೆ ಕೊರತೆಯಿಲ್ಲ, ಆದರೆ ಆರ್ಡರ್‌ಗಳು ಮಾತ್ರ ಬೆರಳೆಣಿಕೆಯಷ್ಟು. ಬಿಡ್ (ಒಂದು ಕ್ಲಿಕ್‌ಗೆ ಕೊಡಲು ಒಪ್ಪುವ ಮೊತ್ತ) ಹೆಚ್ಚಿಸಿ ಎಲ್ಲರಿಗಿಂತ ಮೇಲೆ ಬಂದರೆ ಸರಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹಾಗೆ ಮಾಡಲೇ?

ಉತ್ತರ: ಸದ್ಯಕ್ಕೆ ಬೇಡ. ಕ್ಲಿಕ್‌ಗಳೇ ಬರುತ್ತಿಲ್ಲ ಎಂದಿದ್ದರೆ ಬಿಡ್‌ನ ವಿಷಯ ಯೋಚಿಸಬಹುದಿತ್ತು. ಬಂದವರು ಕೊಳ್ಳದೆ ಹಿಂದಿರುಗುತ್ತಿರುವಾಗ ಬಿಡ್ ಏರಿಸಿದರೆ ಅದೇ ನಷ್ಟವನ್ನು ಹೆಚ್ಚು ಹಣ ಕೊಟ್ಟು ಕೊಂಡಂತಾಗುತ್ತದೆ.

ಮೊದಲು ನಿಮ್ಮ ಖಾತೆಯ ಸರ್ಚ್ ಟರ್ಮ್ಸ್ ವರದಿಯನ್ನು ತೆರೆದು, ಕಳೆದ ಮೂವತ್ತು ದಿನಗಳ ಸಾಲುಗಳನ್ನು ಖರ್ಚಿನ ಇಳಿಕೆಯ ಕ್ರಮದಲ್ಲಿ ಜೋಡಿಸಿ ನಿಧಾನವಾಗಿ ಓದಿ. ನೀವು ಸೇರಿಸಿದ್ದು ಕೀವರ್ಡ್. ಜನ ನಿಜಕ್ಕೂ ಟೈಪ್ ಮಾಡಿದ್ದು ಸರ್ಚ್ ಟರ್ಮ್. ಇವೆರಡೂ ಒಂದೇ ಎಂದು ಭಾವಿಸುವುದರಿಂದಲೇ ಬಹಳಷ್ಟು ಹಣ ಪೋಲಾಗುತ್ತದೆ. ‘ಕಚೇರಿ ಕುರ್ಚಿ’ ಎಂಬ ಕೀವರ್ಡ್ ಬ್ರಾಡ್ ಮ್ಯಾಚ್‌ನಲ್ಲಿದ್ದರೆ, ಅಂದರೆ ಸಂಬಂಧಿಸಿದ ಹುಡುಕಾಟಗಳಿಗೂ ಹೊಂದುವಂತೆ ಇಟ್ಟಿದ್ದರೆ, ‘ಕುರ್ಚಿಯ ಚಕ್ರ ಬದಲಿಸುವುದು ಹೇಗೆ’, ‘ಕುರ್ಚಿ ಬಾಡಿಗೆಗೆ’, ‘ಸೆಕೆಂಡ್ ಹ್ಯಾಂಡ್ ಕುರ್ಚಿ’ ಎಂದು ಹುಡುಕಿದವರಿಗೂ ನಿಮ್ಮ ಜಾಹೀರಾತು ಕಾಣಿಸಬಹುದು. ಅವರು ಕ್ಲಿಕ್ ಮಾಡಿದ್ದರಲ್ಲಿ ತಪ್ಪಿಲ್ಲ, ಆದರೆ ಅವರಿಗೆ ಬೇಕಾದದ್ದು ನಿಮ್ಮಲ್ಲಿಲ್ಲ.

ಇಂತಹ ಪದಗಳನ್ನು ನೆಗೆಟಿವ್ ಕೀವರ್ಡ್‌ಗಳಾಗಿ (ಜಾಹೀರಾತು ಕಾಣಿಸದಂತೆ ತಡೆಯುವ ಪದಗಳಾಗಿ) ಸೇರಿಸಬೇಕು. ಇಲ್ಲಿ ಅನೇಕರು ಎಡವುವ ಸಂಗತಿಯೊಂದಿದೆ: ಸಾಮಾನ್ಯ ಕೀವರ್ಡ್ ಸಮಾನಾರ್ಥಕ ಪದಗಳಿಗೂ ಹರಡಿಕೊಳ್ಳುತ್ತದೆ, ನೆಗೆಟಿವ್ ಕೀವರ್ಡ್ ಹಾಗಲ್ಲ. ‘ರಿಪೇರಿ’ಯನ್ನು ತಡೆದ ಮಾತ್ರಕ್ಕೆ ‘ದುರಸ್ತಿ’ ನಿಲ್ಲುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು, ಏಕವಚನ ಬಹುವಚನಗಳನ್ನೂ ಬೇರೆ ಬೇರೆಯಾಗಿಯೇ ಕೊಡಬೇಕು. ಹಾಗೆಂದು ಉತ್ಸಾಹದಲ್ಲಿ ‘ಬೆಲೆ’ ಎಂಬ ಪದವನ್ನೂ ತಡೆದುಬಿಡಬೇಡಿ. ಬೆಲೆ ವಿಚಾರಿಸುವವನು ಬಹುಮಟ್ಟಿಗೆ ಕೊಳ್ಳುವ ಮನಸ್ಸಿನಲ್ಲೇ ಇರುತ್ತಾನೆ. ಚೆನ್ನಾಗಿ ಆರ್ಡರ್ ತಂದ ಸರ್ಚ್ ಟರ್ಮ್‌ಗಳಿದ್ದರೆ ಅವನ್ನು ಎಕ್ಸಾಕ್ಟ್ ಮ್ಯಾಚ್ (ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ ಹೊಂದುವ) ಕೀವರ್ಡ್‌ಗಳಾಗಿ ಸೇರಿಸಿಕೊಳ್ಳಿ.

ಇನ್ನು ಮೇಲೆ ಬರುವ ವಿಚಾರ. ಜಾಹೀರಾತಿನ ಸ್ಥಾನವನ್ನು ಬಿಡ್ ಒಂದೇ ನಿರ್ಧರಿಸುವುದಿಲ್ಲ. ಜಾಹೀರಾತಿನ ಮತ್ತು ಅದು ಕರೆದೊಯ್ಯುವ ಪುಟದ ಗುಣಮಟ್ಟ, ಹುಡುಕಿದವನ ಸಂದರ್ಭ ಮುಂತಾದವೂ ಪ್ರತಿ ಹುಡುಕಾಟದಲ್ಲೂ ಜಾಹೀರಾತುಗಳ ನಡುವೆ ನಡೆಯುವ ಹರಾಜಿನಲ್ಲಿ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಕಡಿಮೆ ಬಿಡ್ ಇಟ್ಟವರು ಹೆಚ್ಚು ಬಿಡ್ ಇಟ್ಟವರಿಗಿಂತ ಮೇಲೆ ಕಾಣಿಸಿಕೊಳ್ಳುವುದುಂಟು. 1ರಿಂದ 10ರವರೆಗಿನ ಕ್ವಾಲಿಟಿ ಸ್ಕೋರ್ ನಿಮ್ಮ ದೋಷ ಎಲ್ಲಿದೆಯೆಂದು ತೋರಿಸುವ ಸೂಚಿ ಮಾತ್ರ, ಹರಾಜಿನಲ್ಲಿ ಆ ಅಂಕಿಯನ್ನೇ ಬಳಸುವುದಿಲ್ಲ. ಅದರಲ್ಲಿ ಲ್ಯಾಂಡಿಂಗ್ ಪೇಜ್ (ಕ್ಲಿಕ್ ಮಾಡಿದವರು ತಲುಪುವ ಪುಟ) ಅನುಭವ ಸರಾಸರಿಗಿಂತ ಕೆಳಗಿದೆ ಎಂದಿದ್ದರೆ ನಿಮ್ಮ ಜಾಹೀರಾತನ್ನು ಮೊಬೈಲ್‌ನಲ್ಲಿ ನೋಡಿ, ಅದರಲ್ಲಿ ಕೊಟ್ಟಿರುವ ಪುಟವನ್ನು ನೀವೇ ತೆರೆಯಿರಿ. ‘ಬೆನ್ನಿಗೆ ಆಸರೆ ಕೊಡುವ ಕುರ್ಚಿ’ ಎಂಬ ಸಾಲನ್ನು ಓದಿ ಬಂದವನ ಮುಂದೆ ಮೇಜು, ಕಪಾಟು, ದೀಪಗಳೆಲ್ಲ ತುಂಬಿದ ಮುಖಪುಟ ತೆರೆದುಕೊಂಡರೆ, ಅವನು ಕುರ್ಚಿಯನ್ನು ಹುಡುಕುವ ಬದಲು ಹಿಂದಕ್ಕೆ ಹೋಗುವ ಬಟನ್ ಒತ್ತುತ್ತಾನೆ. ಆ ಕುರ್ಚಿಗಳ ಪುಟಕ್ಕೇ ನೇರವಾಗಿ ಕೊಂಡಿ ಕೊಡಿ.

ಒಂದು ಅನುಮಾನವನ್ನೂ ಪರಿಹರಿಸಿಕೊಳ್ಳಿ: ಆರ್ಡರ್‌ಗಳ ಎಣಿಕೆ ಸರಿಯಾಗಿದೆಯೇ? ಪ್ರಯೋಗಕ್ಕೆಂದು ನೀವೇ ಒಂದು ಆರ್ಡರ್ ಮಾಡಿ, ಧನ್ಯವಾದದ ಪುಟ ತೆರೆದಾಗ ಕನ್ವರ್ಷನ್ ಟ್ಯಾಗ್, ಅಂದರೆ ಕನ್ವರ್ಷನ್ (ನಿಮಗೆ ಬೇಕಾದ ಫಲ, ಇಲ್ಲಿ ಆರ್ಡರ್) ದಾಖಲಿಸುವ ಕೋಡ್, ಕೆಲಸ ಮಾಡುತ್ತದೆಯೇ, ಪುಟವನ್ನು ರಿಫ್ರೆಶ್ ಮಾಡಿದರೆ ಎರಡು ಸಲ ದಾಖಲಾಗುತ್ತದೆಯೇ ಎಂದು ಪರೀಕ್ಷಿಸಿ. ಸಂಪರ್ಕ ಪುಟ ನೋಡಿದ್ದನ್ನೂ ಕನ್ವರ್ಷನ್ ಎಂದು ಎಣಿಸುವ ಖಾತೆಯಲ್ಲಿ ಕನ್ವರ್ಷನ್ ಹೆಚ್ಚಿಸಲು ಗೂಗಲ್ ತಾನೇ ಬಿಡ್ ನಿರ್ಧರಿಸುವ ಸ್ವಯಂಚಾಲಿತ ಬಿಡ್ಡಿಂಗ್ ನಂಬಿದರೆ, ಅದು ಸಂಪರ್ಕ ಪುಟ ನೋಡಿ ಹೋಗುವವರನ್ನೇ ಶ್ರದ್ಧೆಯಿಂದ ಹುಡುಕಿ ತರುತ್ತದೆ.

ಸ್ಥಳದ ಸೆಟ್ಟಿಂಗ್ ಕೂಡ ನೋಡಿ. ನೀವು ಆರಿಸಿದ ಊರಿನಲ್ಲಿ ಇರುವವರಷ್ಟೇ ಅಲ್ಲದೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರೂ, ನೀವು ಬದಲಿಸದಿದ್ದರೆ ಇರುವ ಮೂಲ ಆಯ್ಕೆಯಲ್ಲಿ ಸೇರಿರುತ್ತಾರೆ.

ಪ್ರಶ್ನೆ: ದಿನದ ಬಜೆಟ್ ನಿಗದಿ ಮಾಡಿದ್ದರೂ ಕೆಲವು ದಿನ ಅದರ ಸುಮಾರು ಎರಡರಷ್ಟು ಖರ್ಚಾಗಿದೆ. ಇದು ದೋಷವೇ?

ಉತ್ತರ: ಅಲ್ಲ. ಗೂಗಲ್ ಆ್ಯಡ್ಸ್‌ನಲ್ಲಿ ದಿನದ ಬಜೆಟ್ ಎಂದರೆ ಸರಾಸರಿ. ಕ್ಲಿಕ್‌ಗೆ ಹಣ ಕೊಡುವ ಕ್ಯಾಂಪೇನ್‌ಗಳಲ್ಲಿ ಒಂದು ದಿನದ ಖರ್ಚು ಅದರ ಎರಡರಷ್ಟಾಗಬಹುದು. ತಿಂಗಳ ಶುಲ್ಕ ಮಾತ್ರ ದಿನದ ಬಜೆಟ್‌ನ 30.4 ಪಟ್ಟನ್ನು ಮೀರುವುದಿಲ್ಲ. ವರ್ಷದ 365 ದಿನಗಳನ್ನು 12 ತಿಂಗಳಿಗೆ ಹಂಚಿದಾಗ ಬರುವ ಸಂಖ್ಯೆ ಇದು. ನೀವು 100 ಎಂದಿಟ್ಟಿದ್ದರೆ ಒಂದು ದಿನ 200 ಹೋಗಬಹುದು, ತಿಂಗಳಿಗೆ 3,040 ದಾಟದು. ತಿಂಗಳ ನಡುವೆ ಬಜೆಟ್ ಬದಲಿಸಿದರೆ ಈ ಲೆಕ್ಕವೂ ಬದಲಾಗುವುದರಿಂದ, ಖರ್ಚು ಏರಿದ ದಿನವೇ ಗಾಬರಿಯಾಗಿ ಬಜೆಟ್ ಇಳಿಸಿ, ಮರುದಿನ ಏರಿಸುವ ಅಭ್ಯಾಸ ಬೇಡ.