ಹತ್ತನೇ ತರಗತಿಗೆ ಹಸಿವು ನಿಲ್ಲುತ್ತಾ?

ಸಿಂದಗಿ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: ‘ಅಮೆರಿಕದಲ್ಲಿ ಹಸಿದ ಕಾಲೇಜು ಮಕ್ಕಳಿಗಾಗಿ ರಾಜ್ಯ ಸರ್ಕಾರಗಳು ಹಣ ಕೊಡುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಓದಿದೆ. ನಮ್ಮಲ್ಲಿ ಅನ್ನಭಾಗ್ಯ ಇದೆ, ಹಾಸ್ಟೆಲ್ ಇದೆ, ವಿದ್ಯಾರ್ಥಿ ವೇತನ ಇದೆ. ಮೀಸೆ ಬಂದವರಿಗೂ ಸರ್ಕಾರವೇ ಊಟ ಹಾಕಬೇಕೇ? ನಮ್ಮೂರಲ್ಲಿ ಹೈಸ್ಕೂಲು, ಪಿಯು ಕಾಲೇಜು ಒಂದೇ ಕಾಂಪೌಂಡಿನಲ್ಲಿವೆ. ಹಸಿದ ಕಾಲೇಜು ಹುಡುಗರನ್ನು ನಾನಂತೂ ಕಂಡಿಲ್ಲ.’

ಗುರುಗಳೇ, ನಮಸ್ಕಾರ.

ನಾನು ವಿಜಯಪುರದಲ್ಲಿ ರೂಮು ಮಾಡಿಕೊಂಡು ಪಿಯುಸಿ ಓದುವಾಗ ಅವ್ವ ವಾರಕ್ಕೆರಡು ಸಲ ಬಸ್ಸಿನಲ್ಲಿ ರೊಟ್ಟಿ ಗಂಟು ಕಳಿಸುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಒಮ್ಮೊಮ್ಮೆ ಬಸ್ ತಪ್ಪುತ್ತಿತ್ತು. ಆ ದಿನ ಚಹಾ ಕುಡಿದು, ಗೆಳೆಯರು ಕೇಳಿದರೆ ‘ಊಟ ಆಯ್ತು’ ಎನ್ನುತ್ತಿದ್ದೆ. ನನ್ನ ಮೇಷ್ಟ್ರೂ ನಿಮ್ಮ ಹಾಗೆ ಹಸಿದವನನ್ನು ಕಂಡಿರಲಿಲ್ಲ. ನಾನು ತೋರಿಸಿಕೊಂಡಿದ್ದರೆ ತಾನೇ?

ಈಗ ಎಷ್ಟೋ ಮನೆಗಳಿಂದ ಆ ಗಂಟೂ ಬರುವುದಿಲ್ಲ. ಅಪ್ಪ ಅವ್ವ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿರುತ್ತಾರೆ. ಅನ್ನಭಾಗ್ಯದ ಅಕ್ಕಿ ಊರಿನ ಮನೆಯ ಕಾರ್ಡಿಗೆ ಬರುತ್ತದೆ, ಮಗ ಇರುವುದು ಪೇಟೆಯ ರೂಮಿನಲ್ಲಿ. ದಿನಾ ಓಡಾಡುವ ಮಕ್ಕಳ ಕಥೆ ಬೇರೆ. ಬೆಳಗಿನ ಮೊದಲ ಬಸ್ಸಿಗೆ ಬರಬೇಕು, ಅಷ್ಟೊತ್ತಿಗೆ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ. ವಾಪಸ್ ಮನೆ ಸೇರುವುದು ಮೂರೋ ನಾಲ್ಕೋ ಗಂಟೆಗೆ. ನಡುವೆ ಒಂದು ಚಹಾ, ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಚುರುಮುರಿ.

ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆಯಲ್ಲ ಎನ್ನಬಹುದು. ಒಳ್ಳೆಯ ಯೋಜನೆಯೇ. ಶುರುವಾದಾಗ ಗೊತ್ತು ಮಾಡಿದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಅಂದರೆ ದಿನಕ್ಕೆ 50 ರೂಪಾಯಿ. ಅದರಲ್ಲೇ ಊಟ, ಅದರಲ್ಲೇ ರೂಮಿನ ಬಾಡಿಗೆ. ಯಾವ ಖಾನಾವಳಿಯ ಲೆಕ್ಕಕ್ಕೆ ಇದು ಸಾಕಾಗುತ್ತದೆ, ನೀವೇ ಹೇಳಿ.

ಅಮೆರಿಕದ ಸಂಗತಿ ಸುಮ್ನೆ ಬರೆದದ್ದಲ್ಲ. ಕ್ಯಾಲಿಫೋರ್ನಿಯಾ 2017ರಲ್ಲಿ ಇದಕ್ಕಾಗಿ 75 ಲಕ್ಷ ಡಾಲರ್ ಇಟ್ಟಿತು. ನ್ಯೂಜೆರ್ಸಿ 2019ರಲ್ಲಿ ಕಾನೂನು ಮಾಡಿ 10 ಲಕ್ಷ ಡಾಲರ್ ಕೊಟ್ಟಿತು. ಆ ಹಣದಲ್ಲಿ ಕಾಲೇಜಿನೊಳಗೇ ದಿನಸಿ ಕೊಡುವ ಕೋಣೆ ನಡೆಸಬಹುದು, ಸರ್ಕಾರದ ಆಹಾರ ಸಹಾಯಕ್ಕೆ ಅರ್ಜಿ ಹಾಕಿಸಲು ಒಬ್ಬರನ್ನು ಇಡಬಹುದು. ಯಾಕೆಂದರೆ ಅಲ್ಲಿನ ಸರ್ಕಾರಿ ಲೆಕ್ಕ ತಪಾಸಣೆಯವರು 2016ರ ಅಂಕಿ ಅಂಶ ನೋಡಿದಾಗ, ಸಹಾಯಕ್ಕೆ ಅರ್ಹರಿರಬಹುದಾದ ಸುಮಾರು 20 ಲಕ್ಷ ವಿದ್ಯಾರ್ಥಿಗಳು ಅದನ್ನು ಪಡೆದೇ ಇರಲಿಲ್ಲ.

ಇಲ್ಲೇ ನನ್ನ ಮುಖ್ಯ ಮಾತಿದೆ. ನಮ್ಮಲ್ಲಿ ಮತ್ತೊಂದು ಅರ್ಜಿ ಬೇಡ, ಶಾಲೆಯ ಬಿಸಿಯೂಟವನ್ನೇ ಕಾಲೇಜಿಗೂ ಕೊಡಲಿ. ‘ನೀನು ಬಡವನಾ? ಸರ್ಟಿಫಿಕೇಟ್ ತಾ’ ಎಂದರೆ ಹದಿನೇಳರ ಹುಡುಗಿ ಉಪವಾಸ ಇರುತ್ತಾಳೆಯೇ ಹೊರತು ಸಾಲಿನಲ್ಲಿ ನಿಲ್ಲುವುದಿಲ್ಲ. ಬಿಸಿಯೂಟ ಗೆದ್ದದ್ದು ಯಾರನ್ನೂ ಏನೂ ಕೇಳದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಕ್ಕೆ. 2002ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಶುರುವಾದದ್ದು ಆಮೇಲೆ ಹತ್ತನೇ ತರಗತಿವರೆಗೂ ಬಂತು. ಆ ಯೋಜನೆಯ ಹೆಸರೇ ಅಕ್ಷರ ದಾಸೋಹ. ಬಸವಣ್ಣನವರ ನೆಲದಲ್ಲಿ ಕೂತು ನಾನು ನಿಮಗೆ ದಾಸೋಹದ ಅರ್ಥ ಹೇಳಬೇಕಾಗಿಲ್ಲ. ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠದಂಥ ಕಡೆ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಎಷ್ಟು ಹಿರಿಯರು ನಮ್ಮ ನಡುವೆ ಇದ್ದಾರೆ! ಅವರ ಮೀಸೆಯನ್ನು ಯಾರೂ ನೋಡಲಿಲ್ಲ, ಅಲ್ವಾ?

ಖರ್ಚು ಜಾಸ್ತಿ ಆಗುತ್ತದೆ, ನಿಜ. ಆದರೆ ಎಲ್ಲ ಕಡೆ ಹೊಸದಾಗಿ ಅಡುಗೆಮನೆ ಕಟ್ಟಬೇಕಾಗಿಲ್ಲ. ನಿಮ್ಮೂರಿನಂಥ ಕಡೆ ಅಡುಗೆಮನೆ ಇದೆ, ಅಡುಗೆ ಮಾಡುವ ಅಕ್ಕಂದಿರೂ ಇದ್ದಾರೆ. ಅವರ ಸಂಬಳವನ್ನೂ ಹೆಚ್ಚಿಸಿ, ಅಕ್ಕಿ ಬೇಳೆ ಕೊಡಬೇಕು. ಮೊದಲು ಸರ್ಕಾರಿ ಪಿಯು ಕಾಲೇಜು, ಆಮೇಲೆ ಪದವಿ ಕಾಲೇಜು.

ಗುರುಗಳೇ, ಒಂದು ದಿನ ಮಧ್ಯಾಹ್ನ ಊಟದ ಬೆಲ್ ಹೊಡೆಯುವ ಹೊತ್ತಿಗೆ ಆ ಕಾಂಪೌಂಡಿಗೆ ಹೋಗಿ ಬನ್ನಿ. ಸಾಂಬಾರಿನ ವಾಸನೆ ಎರಡೂ ಕಡೆ ಹೋಗುತ್ತದೆ, ತಟ್ಟೆ ಒಂದೇ ಕಡೆ. ಹೋದ ವರ್ಷ ಅದೇ ಪಂಕ್ತಿಯಲ್ಲಿ ಉಂಡ ಮಕ್ಕಳು ಈ ವರ್ಷ ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ, ಏನು ತಿನ್ನುತ್ತಾರೆ, ನೋಡಿ ಬರೆಯಿರಿ. ನೀವು ಕಂಡದ್ದನ್ನು ಕಂಡ ಹಾಗೇ ಪ್ರಕಟಿಸುತ್ತೇನೆ.

– ಸಂಪಾದಕ