ಉದ್ದನೆಯ ಪ್ರಪೋಸಲ್ ಕಳಿಸಿದರೂ ಕ್ಲೈಂಟ್ ಉತ್ತರ ಕೊಡುತ್ತಿಲ್ಲ. ಏನು ಬರೆಯಬೇಕು?

ಕೆಲಸ ಬಿಟ್ಟು ಸ್ವಂತವಾಗಿ ಸಾಫ್ಟ್‌ವೇರ್ ಮಾಡಿಕೊಡಲು ಶುರು ಮಾಡಿದ್ದೀರಿ, ಹತ್ತು ಪುಟದ ಪ್ರಪೋಸಲ್‌ಗೂ ಉತ್ತರ ಬರಲ್ಲ ಅಂದಿದ್ದೀರಿ. ಆ ಹತ್ತು ಪುಟದಲ್ಲಿ ಕ್ಲೈಂಟ್ ಬಗ್ಗೆ ಎಷ್ಟು ಸಾಲು ಇವೆ, ಒಮ್ಮೆ ಎಣಿಸಿ ನೋಡಿ. ಮೊದಮೊದಲು ನಾನು ಬರೆದಿದ್ದರಲ್ಲಿ ಮೂರೋ ನಾಲ್ಕೋ ಇರುತ್ತಿತ್ತು. ಉಳಿದದ್ದೆಲ್ಲ ನನ್ನ ಅನುಭವದ ವರ್ಣನೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಬೇಕಿತ್ತು. ಫೋನಲ್ಲೇ ಕೇಳಿಕೊಂಡು ಬರೆಯಬಹುದಿತ್ತು, ಆದರೂ ಹೋದೆ. ಸ್ಟೋರ್ ಕೀಪರ್ ಆಯಿಲ್ ಕಲೆಯಾದ ಉದ್ದನೆಯ ಪುಸ್ತಕ ತೆಗೆದು ತೋರಿಸಿದರು. ಒಂದೇ ವಸ್ತುವಿಗೆ ಎರಡು ಮೂರು ಹೆಸರು. ಬಿಲ್ಲಿನಲ್ಲಿ ಸಾಕೆಟ್ ಹೆಡ್ ಕ್ಯಾಪ್ ಸ್ಕ್ರೂ, ಮೆಷಿನ್ ಹತ್ತಿರ ಇರುವವರ ಬಾಯಲ್ಲಿ ಅಲೆನ್ ಬೋಲ್ಟ್, ಪುಸ್ತಕದಲ್ಲಿ ಬರೀ ಎಂ8. "ಮಾಲು ಇಲ್ಲೇ ಇರುತ್ತೆ ಸಾರ್. ಸಿಗಲ್ಲ ಅಂತ ಮತ್ತೆ ಆರ್ಡರ್ ಹಾಕ್ತಾರೆ" ಅಂದರು.

ನನ್ನ ಪ್ರಪೋಸಲ್ ಶುರುವಾಗಿದ್ದೇ ಆ ಮಾತಿನಿಂದ. ಒಟ್ಟು ಎರಡು ಪುಟ. ಮಾಲೀಕರು ಓದಿ ಅದೇ ದಿನ ಸಂಜೆ ಫೋನ್ ಮಾಡಿದರು. ತಮ್ಮ ತೊಂದರೆ ಇವನಿಗೆ ಅರ್ಥವಾಗಿದೆ ಅಂತ ಅನಿಸಿದರೆ ಸಾಕು, ರೇಟಿನ ಮಾತು ಆಮೇಲೆ ಸುಲಭವಾಗುತ್ತದೆ.

ಏನು ಮಾಡಿಕೊಡುತ್ತೀರಿ, ಯಾವಾಗ, ಎಷ್ಟಕ್ಕೆ ಅನ್ನುವುದನ್ನು ಹೇಗೂ ಬರೆದೇ ಇರುತ್ತೀರಿ. ಏನು ಮಾಡಿಕೊಡಲ್ಲ ಅನ್ನುವುದನ್ನೂ ದಯವಿಟ್ಟು ಬರೆಯಿರಿ. ಇನ್ನೊಂದು ಕಡೆ ಬಿಲ್ಲಿಂಗ್ ಕೆಲಸ ಮುಗಿಯುವ ಹೊತ್ತಿಗೆ "ಅದರ ಜೊತೆ ಮೊಬೈಲ್ ಆ್ಯಪೂ ಇರುತ್ತಲ್ವಾ?" ಅಂತ ಕೇಳಿದರು. ಅವರು ಮೋಸ ಮಾಡುತ್ತಿರಲಿಲ್ಲ, ಇರುತ್ತದೆ ಅಂತಲೇ ನಂಬಿದ್ದರು. ಆ್ಯಪ್ ಇಲ್ಲ ಅಂತ ನಾನು ಎಲ್ಲೂ ಬರೆದಿರಲಿಲ್ಲ. ಆರು ವಾರ ಪುಕ್ಕಟೆ ದುಡಿದೆ. ಈಗ 'ಇದರಲ್ಲಿ ಸೇರಿಲ್ಲ' ಅಂತ ಒಂದು ಪ್ಯಾರಾ ಇದ್ದೇ ಇರುತ್ತದೆ: ಹಳೆಯ ಡೇಟಾ ತುಂಬಿಸುವುದು, ಹೋಸ್ಟಿಂಗ್ ಖರ್ಚು, ಎರಡು ಸಲಕ್ಕಿಂತ ಜಾಸ್ತಿ ಬದಲಾವಣೆ.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ಮುಂಗಡ ಎಷ್ಟು, ಯಾವ ಹಂತಕ್ಕೆ ಎಷ್ಟು ಅಂತ ಬರೆಯಿರಿ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ರೇಟಿನ ಮೇಲೆ 18% ಬೇರೆ ಅಂತ ಸ್ಪಷ್ಟವಾಗಿ ಹೇಳಿ. ಹೇಳದಿದ್ದರೆ ಒಳಗೇ ಸೇರಿದೆ ಅಂದುಕೊಳ್ಳುತ್ತಾರೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ, ಇವತ್ತೇ ಮಾಡಿಸಿ. ಅದು ಇದ್ದರೆ, 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ನಮ್ಮಂಥ ಸಣ್ಣವರಿಗೆ ಒಪ್ಪಂದದಲ್ಲಿ ಬರೆದ ದಿನದೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಏನೂ ಬರೆದಿಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಕೇಳುವ ಹಕ್ಕೂ ಇದೆ. ನಾನು ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರಪೋಸಲ್‌ನಲ್ಲೇ ಹಾಕುತ್ತೇನೆ.

ಉತ್ತರ ಬರದ ಆ ಪ್ರಪೋಸಲ್‌ಗಳನ್ನು ಬಿಟ್ಟುಬಿಡಬೇಡಿ. ಒಬ್ಬರಿಗೆ ಫೋನ್ ಮಾಡಿ, "ಮತ್ತೆ ಬರೆದು ಕಳಿಸ್ತೀನಿ, ಅದಕ್ಕೂ ಮುಂಚೆ ನಿಮ್ಮ ಜಾಗಕ್ಕೆ ಬಂದು ಒಂದು ಗಂಟೆ ಕೂತ್ಕೋಬಹುದಾ?" ಅಂತ ಕೇಳಿ. ಮಾಲೀಕರ ಕೋಣೆಯಲ್ಲಲ್ಲ, ದಿನಾ ಆ ಕೆಲಸ ಮಾಡುವವರ ಪಕ್ಕದಲ್ಲಿ ಕೂತುಕೊಳ್ಳಿ.