ಅಕ್ಕ ಕೊಟ್ಟ ಮೂರು ನಾಣ್ಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಆರು ವರ್ಷದ ಹುಡುಗ. ದೂರು ತಂದೆಯದು: "ನೂರರವರೆಗೆ ಎಣಿಸ್ತಾನೆ ಮೇಡಂ, ದುಡ್ಡಿನ ವಿಷಯಕ್ಕೆ ಬಂದ್ರೆ ಪೂರಾ ದಡ್ಡ." ನಡೆದದ್ದು ಇಷ್ಟು. ಇವನ ಹುಂಡಿಯಲ್ಲಿದ್ದ ಐದರ ನಾಣ್ಯಗಳನ್ನು ಒಂಬತ್ತು ವರ್ಷದ ಅಕ್ಕ ಒಂದೊಂದಾಗಿ ತೆಗೆದುಕೊಂಡು, ಪ್ರತಿ ಸಲ ಒಂದರ ಮೂರು ನಾಣ್ಯ ಕೊಡುತ್ತಿದ್ದಳು. ಇವನಿಗೋ ಖುಷಿಯೋ ಖುಷಿ. ಗೊತ್ತಾದ ದಿನ ಬೈಸಿಕೊಂಡವನು ಇವನೇ, ಅಕ್ಕ ಅಲ್ಲ!

ಮೇಜಿನ ಮೇಲೆ ಒಂದು ಕಡೆ ಐದರ ಒಂದು ನಾಣ್ಯ, ಇನ್ನೊಂದು ಕಡೆ ಒಂದರ ಮೂರು ಇಟ್ಟು "ಯಾವುದು ಜಾಸ್ತಿ ಪುಟ್ಟಾ?" ಅಂದೆ. ಬೆರಳಿಂದ ಮುಟ್ಟಿ ಮುಟ್ಟಿ ಎಣಿಸಿದ. "ಇಲ್ಲಿ ಒಂದೇ. ಇಲ್ಲಿ ಮೂರು." ಮೂರನ್ನು ತನ್ನ ಕಡೆಗೆ ಎಳೆದುಕೊಂಡ. ತಂದೆ ಹಣೆ ಚಚ್ಚಿಕೊಂಡರು.

ಅವನ ಎಣಿಕೆಯಲ್ಲಿ ತಪ್ಪೇನಿತ್ತು? ಒಂದು ವಸ್ತುವಿಗೆ ಒಂದು ಸಂಖ್ಯೆ, ಕೊನೆಗೆ ಬಂದದ್ದೇ ಒಟ್ಟು. ನಾವೇ ಕಲಿಸಿದ್ದು. ಐದರ ನಾಣ್ಯ ಮಾತ್ರ ಆ ಲೆಕ್ಕಕ್ಕೆ ಒಗ್ಗುವುದಿಲ್ಲ. ಕಣ್ಣಿಗೆ ಒಂದು, ಬೆಲೆಯಲ್ಲಿ ಐದು. ಎರಡು ಸಾಲಿನಲ್ಲಿ ಬಿಲ್ಲೆಗಳು ಸಮನಾಗಿದ್ದರೂ ಒಂದು ಸಾಲನ್ನು ಅಗಲಿಸಿ ಇಟ್ಟರೆ ನಾಲ್ಕೈದು ವರ್ಷದ ಮಕ್ಕಳು ಅದೇ ಜಾಸ್ತಿ ಎನ್ನುತ್ತಾರೆಂದು ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿದ್ದರು. ಕಂಡದ್ದನ್ನೇ ನಂಬುವ ವಯಸ್ಸು ಅದು. ಇವನು ಈಗಷ್ಟೇ ಅದನ್ನು ದಾಟುತ್ತಿದ್ದಾನೆ. ದಡ್ಡ ಎಂಬ ಮಾತು ಮನೆಯಲ್ಲಿ ಇನ್ನು ಕೇಳಿಸಬಾರದು ಎಂದು ಮೊದಲು ಹೇಳಿದೆ.

ಆಮೇಲೆ ಒಂದು ರಟ್ಟಿನ ಮೇಲೆ ಐದು ವೃತ್ತ ಬರೆದುಕೊಟ್ಟೆ. ವೃತ್ತಕ್ಕೊಂದರಂತೆ ಒಂದರ ನಾಣ್ಯ ಇಡುವುದು. ಐದೂ ತುಂಬಿದರೆ ಅಷ್ಟನ್ನೂ ಅಮ್ಮನಿಗೆ ಕೊಟ್ಟು ಐದರದೊಂದು ಪಡೆಯುವುದು. ಮರುದಿನ ಅದನ್ನೇ ತಿರುಗಿಸಿ, ಐದರದನ್ನು ಕೊಟ್ಟು ಚಿಲ್ಲರೆ ಪಡೆಯುವುದು. ಬದಲಾಯಿಸುವ ಕೈ ಅವನದೇ ಆಗಿರಬೇಕು, ನೋಡಿದರೆ ಸಾಲದು. ಸದ್ಯಕ್ಕೆ ಎರಡೇ ಬಗೆ ನಾಣ್ಯ ಸಾಕು. ಐದು, ಹತ್ತು, ಹದಿನೈದು ಎಂದು ಚಪ್ಪಾಳೆ ತಟ್ಟುತ್ತ ಹೇಳಿಸಿ. ಅಂಗಡಿಯಾಟದಲ್ಲಿ ಅಪ್ಪ ಗಿರಾಕಿಯಾಗಿ ಬೇಕಂತಲೇ ಒಂದು ನಾಣ್ಯ ಕಡಿಮೆ ಕೊಡಲಿ, ಇವನು ಹಿಡಿಯಲಿ. ಅಕ್ಕನನ್ನು ಕಳ್ಳಿ ಎನ್ನಬೇಡಿ. ಉಳಿದ ಎರಡೆರಡು ನಾಣ್ಯವನ್ನು ಅವಳೇ ಎಣಿಸಿ ವಾಪಸ್ ಕೊಡಲಿ.

ಮನೆಯಲ್ಲಿ ಎರಡು ವರ್ಷದ ಇನ್ನೊಂದು ಮಗುವೂ ಇದೆಯೆಂದು ಹೊರಡುವಾಗ ತಿಳಿಯಿತು. ಆಟ ಮುಗಿದ ತಕ್ಷಣ ನಾಣ್ಯಗಳನ್ನು ಎಣಿಸಿ ಎತ್ತಿಡಿ, ನುಂಗಿದ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಓಡಿ ಎಂದೆ.

ಮೂರು ವಾರದ ನಂತರ ಮತ್ತೆ ಅದೇ ಪ್ರಶ್ನೆ ಕೇಳಿದೆ. ಈ ಸಲ ಮುಟ್ಟಿ ಮುಟ್ಟಿ ಎಣಿಸಲಿಲ್ಲ. ಐದರದನ್ನು ಮುಷ್ಟಿಯಲ್ಲಿ ಹಿಡಿದು, "ಇನ್ನೂ ಎರಡು ಕೊಟ್ರೆ ಕೊಡ್ತೀನಿ" ಅಂದ. ಹತ್ತರ ನಾಣ್ಯ ತೋರಿಸಿದರೆ ಇನ್ನೂ ಗಲಿಬಿಲಿ. ರಟ್ಟಿನ ಹಿಂಬದಿಯಲ್ಲಿ ಹತ್ತು ವೃತ್ತ ಬರೆದು ಕಳಿಸಿದೆ.